ಹೂಕುಂಡದ ತಟ್ಟೆಯಲ್ಲಿ ಡೆಂಗಿ

ಹೂದಾನಿಗೂ ದೇವರ ಪಟಕ್ಕೂ ಬೇಕಾದ ಹೂವನ್ನು ಮನೆಯಲ್ಲೇ ಬೆಳೆಯಬೇಕೆನ್ನುವವರಿಗೆ ಸೇವಂತಿಗೆ, ಸುಗಂಧರಾಜ, ಆಸ್ಟರ್, ಚೆಂಡುಹೂ ಸುಲಭ. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳಬೇಕು. ಅದಕ್ಕಿಂತ ಮೊದಲು ನೋಡಬೇಕಾದದ್ದು ನೀರು ಎಲ್ಲಿ ನಿಲ್ಲುತ್ತದೆ ಎಂಬುದನ್ನು.

ಸೊಳ್ಳೆ ಎಂದೊಡನೆ ಚರಂಡಿಯನ್ನು ಬೈಯುವುದು ನಮ್ಮಲ್ಲಿ ರೂಢಿ. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದು ಕುಂಡದ ಕೆಳಗಿನ ತಟ್ಟೆಯಲ್ಲೋ ಹೂದಾನಿಯಲ್ಲೋ ನಿಂತ ತಿಳಿನೀರು. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ನೀರು ಚೆಲ್ಲಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಒಳಬದಿಗೆ ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಉಳಿದು, ನೀರು ತಾಗಿದಾಗ ಒಡೆಯುತ್ತವೆ. ಆದ್ದರಿಂದ ವಾರಕ್ಕೊಮ್ಮೆಯಾದರೂ ತೆಂಗಿನ ನಾರಿನಿಂದ ಚೆನ್ನಾಗಿ ತಿಕ್ಕಿ ತೊಳೆಯಿರಿ. ತಟ್ಟೆ ಬೇಕೇಬೇಕೆಂದರೆ ಮರಳು ತುಂಬಿಡಿ. ಹೂದಾನಿಯ ನೀರನ್ನು ಎರಡು ದಿನಕ್ಕೊಮ್ಮೆ ಬದಲಿಸಿ. ಹೂವೂ ಹೆಚ್ಚು ದಿನ ಬಾಳುತ್ತದೆ.

ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಹೂ ಬಿಡಿಸುವ ಹೊತ್ತಿನಲ್ಲೇ. ಜೋರು ಜ್ವರ, ಕಣ್ಣಿನ ಹಿಂದೆ ನೋವು ಬಂದರೆ ಆಸ್ಪಿರಿನ್ ನುಂಗಬೇಡಿ, ರಕ್ತಸ್ರಾವದ ಅಪಾಯವಿದೆ. ವೈದ್ಯರನ್ನು ಕಾಣಿ. ಜ್ವರ ಇಳಿಯಿತೆಂದು ಮೈಮರೆಯುವುದು ಸಲ್ಲ. ಆಗ ವಿಪರೀತ ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.