ಕ್ಷೌರಕತ್ತಿಗೆ ಕೊನೆಯ ಸಾಣೆ: ನಂಬರ್ ನೋಡಬೇಡಿ, ಮೈಕ್ರಾನ್ ನೋಡಿ

ಸ್ಟ್ರೇಟ್ ರೇಜರ್ ಅಂದರೆ ಹಳೇ ಕಾಲದ ಮಡಚುವ ಕ್ಷೌರಕತ್ತಿ. ಸಲೂನುಗಳಲ್ಲಿ ಈಗ ಅದರ ಜಾಗಕ್ಕೆ ಬ್ಲೇಡ್ ಬದಲಾಯಿಸುವ ಕತ್ತಿ ಬಂದಿದೆ. ಸೋಂಕಿನ ದೃಷ್ಟಿಯಿಂದ ಅದು ಬಂದದ್ದೇ ಒಳ್ಳೇದಾಯ್ತು. ಆದರೂ ಅಜ್ಜನ ಪೆಟ್ಟಿಗೆಯಿಂದ ಕತ್ತಿ ಹೊರತೆಗೆದು ತಾವೇ ಮಸೆದು, ತಮ್ಮ ಕೆನ್ನೆಗೆ ತಾವೇ ಹಚ್ಚಿಕೊಳ್ಳುವ ಹವ್ಯಾಸಿಗಳು ಇದ್ದಾರೆ. ಅವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಕೊನೆಗೆ ಎಷ್ಟು ನಂಬರಿನ ಕಲ್ಲು ತಗೊಳ್ಳಲಿ, 12000 ಸಾಕಾ, 30000 ಬೇಕಾ?

ಈ ನಂಬರನ್ನು ಅಷ್ಟಾಗಿ ನಂಬೋ ಹಾಗಿಲ್ಲ. ಜಪಾನಿನ ಜೆಐಎಸ್ ಮಾನದಂಡದಲ್ಲಿ 1000 ಅಂದರೆ ಸುಮಾರು 11.5 ಮೈಕ್ರಾನ್ ಗಾತ್ರದ ಕಣ, 4000 ಅಂದರೆ 3, 8000 ಅಂದರೆ 1.2. ಆ ಪಟ್ಟಿ 8000ಕ್ಕೇ ಮುಗಿದುಹೋಗುತ್ತೆ. ಅದರಾಚೆಯ ನಂಬರುಗಳೆಲ್ಲ ತಯಾರಕರು ಇಟ್ಟುಕೊಂಡದ್ದು. ಶಾಪ್ಟನ್ ತನ್ನ 30000 ಕಲ್ಲಿಗೆ 0.49 ಮೈಕ್ರಾನ್ ಅನ್ನುತ್ತೆ. ಇತ್ತ ನಾರ್ಟನ್ ಕಂಪನಿಯ 8000 ಕಲ್ಲಿನ ಕಣ 3 ಮೈಕ್ರಾನ್, ಅಂದರೆ ಜಪಾನಿ ಲೆಕ್ಕದಲ್ಲಿ ಅದು 4000! ಹಾಗಾಗಿ ಎರಡು ಕಂಪನಿಯ ಕಲ್ಲುಗಳನ್ನು ಹೋಲಿಸುವಾಗ ಮೈಕ್ರಾನ್ ಎಷ್ಟು ಅಂತಲೇ ಕೇಳಿ. ಮೈಕ್ರಾನ್ ಹೇಳದೆ ಬರೀ ದೊಡ್ಡ ನಂಬರ್ ಬರೆದಿರುವ ಅಗ್ಗದ ಕಲ್ಲನ್ನು ಕೊಳ್ಳದಿರುವುದೇ ವಾಸಿ.

ಈಗ ಕತ್ತಿಯ ಜ್ಯಾಮಿತಿ ನೋಡೋಣ. ಮಸೆಯುವಾಗ ಕತ್ತಿಯ ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗಿರುತ್ತವೆ. ಬೆನ್ನಿನ ದಪ್ಪ 5.5 ಮಿ.ಮೀ., ಬೆನ್ನಿನಿಂದ ಬಾಯಿಗೆ 19 ಮಿ.ಮೀ. ಇದ್ದರೆ ಅರ್ಧ ಕೋನದ ಸೈನ್ 2.75/19. ಪೂರ್ತಿ ಕೋನ ಹತ್ತಿರ ಹತ್ತಿರ 16.6 ಡಿಗ್ರಿ. ಕೋನವನ್ನು ಕತ್ತಿಯೇ ಕಾಯ್ದುಕೊಳ್ಳುತ್ತೆ, ನಮ್ಮ ಕೈಗೆ ಆ ಕೆಲಸವಿಲ್ಲ. ನಮಗೆ ಉಳಿಯುವುದು ಗೀರುಗಳ ಕೆಲಸ. ಎರಡು ಮೈಗಳು ಸೇರುವ ಗೆರೆಯೇ ಬಾಯಿ. ಮೈಮೇಲಿನ ಪ್ರತಿ ಗೀರೂ ಆ ಗೆರೆಯವರೆಗೆ ಹೋಗಿ ಅಲ್ಲೊಂದು ಹಲ್ಲಾಗುತ್ತೆ. ಕೆನ್ನೆ ಉರಿಯೋದು ಆ ಹಲ್ಲುಗಳಿಂದ.

ಮೆಟೀರಿಯಲ್ಸ್ ಲ್ಯಾಬ್‌ನಲ್ಲಿ ಸ್ಪೆಸಿಮನ್ ಪಾಲಿಶ್ ಮಾಡಿದವರಿಗೆ ಇದು ಹೊಸದಲ್ಲ. ಎಮರಿ ಪೇಪರ್ 1/0ದಿಂದ 4/0ವರೆಗೆ ಹೋಗಿ, ಆಮೇಲೆ ಬಟ್ಟೆ ಹೊದಿಸಿದ ಡಿಸ್ಕ್ ಮೇಲೆ ಅಲ್ಯುಮಿನಾ ಅಥವಾ ಡೈಮಂಡ್ ಪೇಸ್ಟ್. ಮಧ್ಯದ ಒಂದು ಪೇಪರನ್ನು ಅರೆಮನಸ್ಸಿನಿಂದ ಉಜ್ಜಿದರೆ ಡಿಸ್ಕಿನ ಮೇಲೆ ಅರ್ಧ ಗಂಟೆ ನಿಂತರೂ ಆ ಗೀರು ಹೋಗಲ್ಲ, ಬರೀ ಹೊಳೆಯುವ ಗೀರಾಗುತ್ತೆ ಅಷ್ಟೇ. ಕತ್ತಿಯಲ್ಲೂ ಅದೇ ಕಥೆ. 0.5 ಮೈಕ್ರಾನ್ ಕಣ ತೆಗೆಯುವ ಲೋಹ ತೀರಾ ಕಡಿಮೆ, ಹಿಂದಿನ ಕಲ್ಲಿನ ಸಾಲವನ್ನು ಅದು ತೀರಿಸಲಾರದು. 1.2 ಮೈಕ್ರಾನಿನ ಹಂತ ಸರಿಯಾಗಿ ಮುಗಿಯದೆ 30000 ಕಲ್ಲಿಗೆ ದುಡ್ಡು ಹಾಕೋದು ದಂಡ.

ಹಾಗಂತ ಕಣದ ಗಾತ್ರವೇ ಎಲ್ಲ ಅಂತಲೂ ಅಲ್ಲ. ಬೆಲ್ಜಿಯಂನ ಆರ್ಡೆನ್ಸ್ ಪ್ರದೇಶದಲ್ಲಿ ಕೊಟಿಕ್ಯೂಲ್ ಎಂಬ ಹಳದಿ ಕಲ್ಲು ಸಿಗುತ್ತೆ. ಕ್ಷೌರಕತ್ತಿ ಬಳಸುವವರಲ್ಲಿ ಅದಕ್ಕೆ ಬಹಳ ಮರ್ಯಾದೆ. ಅದರೊಳಗಿನ ಗಾರ್ನೆಟ್ ಹರಳುಗಳು 5ರಿಂದ 15 ಮೈಕ್ರಾನ್! ಲೆಕ್ಕದ ಪ್ರಕಾರ ಒರಟು ಕಲ್ಲಾಗಬೇಕಿತ್ತು. ಆದರೆ ಆ ಹರಳುಗಳಿಗೆ ಹನ್ನೆರಡು ಮುಖ, ಹೆಚ್ಚುಕಮ್ಮಿ ದುಂಡಗೆ. ಚೂಪಾದ ಮೂಲೆ ಇಲ್ಲದ್ದರಿಂದ ಉಕ್ಕಿನಲ್ಲಿ ಆಳಕ್ಕೆ ಇಳಿಯಲ್ಲ, ಮೇಲ್ಮೇಲೆ ಉಜ್ಜುತ್ತವೆ. ಅಂದರೆ ನಾವು ನಿಜವಾಗಿ ಆರಿಸಬೇಕಾದ್ದು ಗೀರಿನ ಆಳವನ್ನು. ಗಾತ್ರ, ಆಕಾರ, ಗಡಸುತನ, ಕೆಳಗಿನ ಆಧಾರ, ನಾಲ್ಕೂ ಸೇರಿ ಅದನ್ನು ತೀರ್ಮಾನಿಸುತ್ತವೆ.

ಗಡಸುತನದಲ್ಲಿ ವಜ್ರ ಮೋಸ್ ಮಾಪಕದ 10. ಅದರ ಕಣಗಳ ಮೂಲೆಗಳು ಚೂಪು, ಬೇಗ ಕೊರೆಯುತ್ತವೆ. 0.25 ಮೈಕ್ರಾನ್ ಡೈಮಂಡ್ ಸ್ಪ್ರೇ ಹಾಕಿದ ಬಾಯಿ ತುಂಬಾ ಹರಿತ, ಆದರೆ ಸ್ವಲ್ಪ ಕಟು ಅಂತ ಬಳಸುವವರು ಹೇಳೋದು ಸಾಮಾನ್ಯ. ಅಲ್ಯುಮಿನಾ 9. ಅದರ ಖನಿಜ ರೂಪವೇ ನಮ್ಮ ಕುರುಂದದ ಕಲ್ಲು. ಕೊರಂಡಮ್ ಅನ್ನೋ ಇಂಗ್ಲಿಷ್ ಹೆಸರು ಹೋದದ್ದೇ ದಕ್ಷಿಣ ಭಾರತದ ಈ ಪದದಿಂದ. ಹಸಿರು ಬಣ್ಣದ ಕ್ರೋಮಿಯಂ ಆಕ್ಸೈಡ್ 8ರಿಂದ 8.5, ಸಾಮಾನ್ಯವಾಗಿ 0.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣದು, ಬಾಯನ್ನು ಮೃದುವಾಗಿಸುತ್ತೆ. ಕೊಳ್ಳುವಾಗ ಒಂದು ಎಚ್ಚರ: ಬಫಿಂಗ್ ಅಂಗಡಿಯ ಹಸಿರು ಮೇಣದ ಕಡ್ಡಿಗಳಲ್ಲಿ ಹಲವು ಬಾರಿ ಕ್ರೋಮಿಯಂ ಆಕ್ಸೈಡ್ ಜೊತೆ ದಪ್ಪ ಅಲ್ಯುಮಿನಾವೂ ಬೆರೆತಿರುತ್ತೆ. ಹಸಿರಾಗಿದೆ ಅಂತ ತಂದರೆ ಕೆಟ್ಟಿರಿ. ಪಿಗ್ಮೆಂಟ್ ದರ್ಜೆಯ ಶುದ್ಧ ಪುಡಿ ಒಳ್ಳೇದು.

ಆಧಾರದ ವಿಷಯ ಬಹಳ ಜನ ಮರೆಯುತ್ತಾರೆ. ಕಲ್ಲು, ಗಾಜು ಬಗ್ಗಲ್ಲ. ಚರ್ಮ ಬಗ್ಗುತ್ತೆ. ಕತ್ತಿ ಒತ್ತಿದಲ್ಲಿ ಕುಗ್ಗಿ, ಬಾಯಿ ದಾಟುತ್ತಿದ್ದಂತೆ ಮೇಲೆದ್ದು ತುದಿಯನ್ನು ಸುತ್ತಿಕೊಳ್ಳುತ್ತೆ. ಪೇಸ್ಟ್ ಹಚ್ಚಿದ ಚರ್ಮದ ಮೇಲೆ ಹತ್ತು ಸಲ ಎಳೆದರೆ ಲಾಭ, ನೂರು ಸಲ ಎಳೆದರೆ ತುದಿ ದುಂಡಗಾಗಿ 16.6 ಡಿಗ್ರಿಯ ಲೆಕ್ಕವೆಲ್ಲ ನೀರುಪಾಲು. ಬಾಲ್ಸಾ ಮರದ ಪಟ್ಟಿ ಇದಕ್ಕಿಂತ ಗಟ್ಟಿ, ಹಾಗಾಗಿ ಸುರಕ್ಷಿತ. ಕಲ್ಲಿನ ಮೇಲೆ ಬಾಯಿ ಮುಂದೆ, ಪಟ್ಟಿಯ ಮೇಲೆ ಬೆನ್ನು ಮುಂದೆ ಇರಬೇಕು ಅನ್ನೋದು ಗೊತ್ತಲ್ವಾ? ಇಲ್ಲದಿದ್ರೆ ಪಟ್ಟಿಯೇ ಕತ್ತರಿಸಿಹೋಗುತ್ತೆ.

ಇಷ್ಟೆಲ್ಲ ಮಾಡಿದರೂ ಬಾಯಿ ಶಾಶ್ವತವಲ್ಲ. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೃದು, ಆದರೂ ಬ್ಲೇಡ್ ಯಾಕೆ ಮೊಂಡಾಗುತ್ತೆ ಅಂತ ಎಂಐಟಿಯ ರೋಶಿಯೋಲಿ, ತಾಹೆರಿ-ಮೂಸವಿ, ತಾಸನ್ 2020ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಕೂದಲು ಬಾಗಿ ಓರೆಯಾಗಿ ತಾಗಿದಾಗ, ಉಕ್ಕಿನ ಒಳರಚನೆ ಏಕರೂಪವಾಗಿಲ್ಲದ ಕಡೆ ಸಣ್ಣ ಚಕ್ಕೆಗಳು ಎದ್ದುಹೋಗುತ್ತವೆ. ಆಗಾಗ ಸಣ್ಣ ರಿಪೇರಿ ಬೇಕಾಗೋದು ಅದಕ್ಕೇ.

ವಿದ್ಯಾರ್ಥಿಯ ಜೇಬಿಗೆ ನನ್ನ ಸಲಹೆ: ದುಬಾರಿ ಫಿನಿಶಿಂಗ್ ಕಲ್ಲು ಬೇಡ. ಅಲ್ಯುಮಿನಾ ಲ್ಯಾಪಿಂಗ್ ಫಿಲ್ಮ್ 3 ಮತ್ತು 1 ಮೈಕ್ರಾನಿನದು ತಗೊಳ್ಳಿ, ಸಮತಟ್ಟಾದ ದಪ್ಪ ಗಾಜಿನ ಮೇಲೆ ನೀರು ಹನಿಸಿ ಅಂಟಿಸಿ, ಒತ್ತಡವಿಲ್ಲದೆ ಮಸೆಯಿರಿ. ಆಮೇಲೆ ಬಾಲ್ಸಾ ಮೇಲೆ ಕ್ರೋಮಿಯಂ ಆಕ್ಸೈಡ್ ಹತ್ತು ಎಳೆತ, ಕೊನೆಗೆ ಬರೀ ಚರ್ಮದ ಪಟ್ಟಿ. ಪ್ರತಿ ಹಂತದ ನಡುವೆ ಕತ್ತಿ, ಗಾಜು, ಬೆರಳು ಮೂರನ್ನೂ ತೊಳೆಯಿರಿ. 1 ಮೈಕ್ರಾನ್ ಫಿಲ್ಮ್ ಮೇಲೆ ಒಂದೇ ಒಂದು 10 ಮೈಕ್ರಾನ್ ಕಣ ಉಳಿದಿದ್ದರೆ ಅದುವರೆಗಿನ ಕೆಲಸವನ್ನೆಲ್ಲ ಅದು ಗೀರಿ ಹಾಕುತ್ತೆ. ಲ್ಯಾಬಿನ ಮೈಕ್ರೋಸ್ಕೋಪ್ ಸಿಕ್ಕರೆ 400 ಪಟ್ಟಿನಲ್ಲಿ ನೋಡಿ, ಹಿಂದಿನ ಹಂತದ ಗೀರು ಬಾಯಿಯವರೆಗೆ ಉಳಿದಿದ್ದರೆ ಕಾಣುತ್ತೆ. ಹಾಗೆ ಕಂಡರೆ ಮುಂದಕ್ಕೆ ಹೋಗಬೇಡಿ, ಒಂದು ಹಂತ ಹಿಂದಕ್ಕೆ ಹೋಗಿ.