ನೀರಿನ ಬೆಲೆಯನ್ನರಿತ ಇಂಜಿನಿಯರು

ಮೈಸೂರು ನಗರದ ನಡುವೆ ನದಿ ಹರಿಯುವುದಿಲ್ಲ. ಚಾಮುಂಡಿಬೆಟ್ಟದ ತಪ್ಪಲಿನ ಈ ಊರು ಬಹುಕಾಲ ಕೆರೆ ಬಾವಿಗಳನ್ನೇ ನಂಬಿ ಬಾಳಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ದಿವಾನ್ ಪೂರ್ಣಯ್ಯನವರು ಕಾಲುವೆ ತೋಡಿಸಿ ಕಾವೇರಿಯನ್ನು ಊರಿಗೆ ತರಲು ಯತ್ನಿಸಿದರು, ಅದು ಕೈಗೂಡಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಲಿಂಗಾಂಬುಧಿ, ಕುಕ್ಕರಹಳ್ಳಿ ಕೆರೆಗಳು ನಿರ್ಮಾಣವಾದವು. ಆದರೆ ಮಳೆ ಬಾರದಿದ್ದರೆ ಕೆರೆಯಾದರೂ ತುಂಬುವುದೆಂತು? 1876ರಿಂದ 1878ರವರೆಗಿನ ಭೀಕರ ಬರಗಾಲದಲ್ಲಿ ಮೈಸೂರು ಸಂಸ್ಥಾನದ ಲಕ್ಷಾಂತರ ಜನ ಪ್ರಾಣ ಕಳೆದುಕೊಂಡರು.

ಆಗ ವಿದ್ಯಾರ್ಥಿಯಾಗಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮುಂದೆ ಪುಣೆಯಲ್ಲಿ ಇಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಅವರ ವೃತ್ತಿಜೀವನದ ಬಹುಭಾಗ ನೀರಿಗೇ ಮೀಸಲಾಯಿತು.

ಸಿಂಧೂ ನದಿಯ ದಡದ ಸುಕ್ಕೂರು ಪಟ್ಟಣಕ್ಕೆ ನೀರು ಸಾಲದೆ ಇರಲಿಲ್ಲ; ಆದರೆ ಅದು ಕೆಸರು ತುಂಬಿದ ನೀರು. ಶೋಧಿಸುವ ತೊಟ್ಟಿಗಳನ್ನು ಕಟ್ಟಲು ಪುರಸಭೆಯಲ್ಲಿ ಹಣವಿರಲಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲಿಯೇ ಬಾವಿಯೊಂದನ್ನು ತೋಡಿಸಿದರು. ಮರಳಿನ ಪದರಗಳ ಮೂಲಕ ಜಿನುಗಿದ ನೀರು ತಾನಾಗಿಯೇ ತಿಳಿಯಾಯಿತು. ದಕ್ಕನ್ನಿನ ಕಾಲುವೆಗಳ ನೀರನ್ನು ಕೆಲವರೇ ಅತಿಯಾಗಿ ಬಳಸದಂತೆ, ಗೊತ್ತಾದ ಭೂಭಾಗಗಳಿಗೆ ಸರದಿಯಂತೆ ಹಂಚುವ ಪದ್ಧತಿಯನ್ನು ಅವರು ರೂಪಿಸಿದರು. 1903ರಲ್ಲಿ ಖಡಕ್‌ವಾಸ್ಲಾ ಜಲಾಶಯಕ್ಕೆ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿ, ಅಣೆಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲುವಂತೆ ಮಾಡಿದರು.

1906ರಲ್ಲಿ ಸರ್ಕಾರವು ಅವರನ್ನು ಅರೇಬಿಯದ ಕರಾವಳಿಯ ಏಡನ್ ಪಟ್ಟಣಕ್ಕೆ ಕಳುಹಿಸಿತು. ಅಲ್ಲಿ ಮಳೆಯೇ ಅಪರೂಪ. ಎದುರಿಗೆ ಅಪಾರ ಸಮುದ್ರ, ಕುಡಿಯಲು ಹನಿ ನೀರಿಲ್ಲ. ಕಡಲ ನೀರನ್ನು ಕಾಯಿಸಿ, ಆವಿಯನ್ನು ತಣಿಸಿ ಸಿಹಿನೀರನ್ನು ಪಡೆಯುವ ಕ್ರಮ ಅಲ್ಲಿತ್ತು. ಹೀಗೆ ಪಡೆದ ನೀರಿನ ಒಂದೊಂದು ಕೊಡಕ್ಕೂ ಇಂಧನ ಉರಿಯಬೇಕು. ವಿಶ್ವೇಶ್ವರಯ್ಯನವರು ಒಳನಾಡನ್ನು ಪರಿಶೀಲಿಸಿದರು. ಉತ್ತರದ ಬೆಟ್ಟಗಳಲ್ಲಿ ಸುರಿದ ಮಳೆಯು ಒಣಗಿದ ಹೊಳೆಯ ಮರಳಿನಡಿ ಇಂಗಿರುವುದನ್ನು ಗುರುತಿಸಿ, ಅಲ್ಲಿ ಬಾವಿ ತೋಡಿ ನೀರು ತರಬೇಕೆಂದು ಸೂಚಿಸಿದರು. ಸುಕ್ಕೂರಿನ ಅನುಭವ ಏಡನ್ನಿನಲ್ಲಿ ನೆರವಾಯಿತು.

1909ರಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರರಾದರು. ಮಳೆಗಾಲದಲ್ಲಿ ಕಾವೇರಿ ಉಕ್ಕಿ ಹರಿಯುತ್ತಿದ್ದಳು. ಬೇಸಿಗೆಯಲ್ಲಿ ಶಿವನಸಮುದ್ರದ ವಿದ್ಯುದಾಗಾರಕ್ಕೂ ನೀರು ಸಾಲುತ್ತಿರಲಿಲ್ಲ. ಕನ್ನಂಬಾಡಿಯ ಬಳಿ ದೊಡ್ಡ ಅಣೆಕಟ್ಟೆ ಕಟ್ಟಬೇಕೆಂದು ಅವರು ವಾದಿಸಿದರು. ಇಷ್ಟೊಂದು ಹಣವನ್ನು ನೀರಿಗೆ ಸುರಿಯುವುದೇ ಎಂದು ಅಧಿಕಾರಿಗಳು ಹಿಂಜರಿದರು. ಯೋಜನೆ ತಡವಾದಷ್ಟೂ ವಿಶ್ವೇಶ್ವರಯ್ಯನವರು ಬೇಸತ್ತರು. ಕೊನೆಗೆ ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿಗೆಯಿತ್ತರು. 1911ರಲ್ಲಿ ಕೆಲಸ ಮೊದಲಾಯಿತು. ಸುಣ್ಣ ಮತ್ತು ಇಟ್ಟಿಗೆಪುಡಿಯ ಸುರ್ಕಿ ಗಾರೆಯಿಂದ ಕಟ್ಟೆ ಮೇಲೆದ್ದಿತು. ಸುಮಾರು ಇಪ್ಪತ್ತು ವರ್ಷಗಳ ದುಡಿಮೆಯಿಂದ 49 ಟಿ.ಎಂ.ಸಿ. ನೀರು ಹಿಡಿಯುವ ಕೃಷ್ಣರಾಜಸಾಗರ ರೂಪುಗೊಂಡಿತು. ಅದಕ್ಕಾಗಿ ಕನ್ನಂಬಾಡಿಯೂ ಇತರ ಹಲವು ಹಳ್ಳಿಗಳೂ ಮುಳುಗಿದವು. ಅಲ್ಲಿನ ಜನ ಮನೆ, ಹೊಲ, ದೇವಾಲಯಗಳನ್ನು ತೊರೆದರು. ಮಂಡ್ಯದ ಹಸುರಿನ ಹಿಂದೆ ಅವರ ತ್ಯಾಗವೂ ಇದೆ.

ಇಂದು ಕಾವೇರಿ ಮತ್ತು ಕಬಿನಿಯ ನೀರು ಯಂತ್ರಗಳ ಬಲದಿಂದ ಮೇಲೇರಿ ಮೈಸೂರಿನ ನಲ್ಲಿಗಳನ್ನು ತಲುಪುತ್ತದೆ. ಬಳಸಿ ಬಿಟ್ಟ ನೀರನ್ನು ಶುದ್ಧಗೊಳಿಸುವ ಘಟಕಗಳು ವಿದ್ಯಾರಣ್ಯಪುರಂ, ಕೆಸರೆ, ರಾಯನಕೆರೆಗಳಲ್ಲಿವೆ. ಶುದ್ಧಗೊಳಿಸಿದ ನೀರು ತೋಟಕ್ಕೋ ಕಾರ್ಖಾನೆಗೋ ಮತ್ತೆ ಒದಗಿದಷ್ಟೂ ನದಿಯ ಮೇಲಿನ ಭಾರ ಇಳಿಯುತ್ತದೆ. ಹೊಸ ನೀರನ್ನು ಹುಡುಕುವುದಕ್ಕಿಂತ ಮೊದಲು ಇರುವ ನೀರನ್ನು ಕಾಪಾಡಬೇಕೆಂಬುದೇ ಖಡಕ್‌ವಾಸ್ಲಾ, ಏಡನ್ನುಗಳ ಪಾಠ. ಕೃಷ್ಣರಾಜಸಾಗರವನ್ನು ಕಟ್ಟಿದವರ ದುಡಿಮೆಗೂ, ಅದಕ್ಕಾಗಿ ಊರು ಬಿಟ್ಟವರ ನೋವಿಗೂ ಸಲ್ಲುವ ಗೌರವವೆಂದರೆ ಹನಿ ನೀರನ್ನೂ ವ್ಯರ್ಥಮಾಡದಿರುವುದು.