ಅಳೆದವನು ಬರೆದ ಕಡಲು

ಬೀಚಿ ಅಂದಕೂಡಲೆ ನಮ್ಮ ಬಳಗದವರಿಗೆ ತಿಂಮ ನೆನಪಾಗುತ್ತಾನೆ. ಇಲ್ಲಿ ಹೇಳಹೊರಟಿರುವುದು ಆ ಬೀಚಿಯವರ ವಿಷಯ ಅಲ್ಲ. ಈತ ಇಂಗ್ಲೆಂಡಿನ ರಿಚರ್ಡ್ ಬ್ರಿಜಸ್ ಬೀಚಿ (1808-1895). ಉದ್ಯೋಗದಿಂದ ನೌಕಾದಳದ ಅಧಿಕಾರಿ, ಒಲವಿನಿಂದ ಚಿತ್ರಕಾರ. ಐರ್ಲೆಂಡಿನ ಕಡಲತೀರವನ್ನು ಬರೆದು ಹೆಸರಾದವನು.

ಚಿತ್ರಕಲೆ ಆತನಿಗೆ ಮನೆಯ ವಿದ್ಯೆ. ತಂದೆ ವಿಲಿಯಂ ಬೀಚಿ ರಾಜಮನೆತನದವರ ಭಾವಚಿತ್ರ ಬರೆದವರು. ತಾಯಿ ಕಿರುಚಿತ್ರಗಳಲ್ಲಿ ಪಳಗಿದವರು. ಅಣ್ಣಂದಿರಲ್ಲಿ ಜಾರ್ಜ್ ನಮ್ಮ ದೇಶಕ್ಕೇ ಬಂದು ಲಖನೌದಲ್ಲಿ ಆಸ್ಥಾನ ಚಿತ್ರಕಾರನಾದ. ಇನ್ನೊಬ್ಬ ಅಣ್ಣ ಫ್ರೆಡರಿಕ್ ನೌಕಾದಳದ ಕಪ್ತಾನ. ಅವನ 'ಬ್ಲಾಸಮ್' ಹಡಗಿನಲ್ಲಿ ಹದಿನೇಳರ ಹುಡುಗ ರಿಚರ್ಡ್ 1825ರಲ್ಲಿ ಪೆಸಿಫಿಕ್ ಸಾಗರಕ್ಕೆ ಹೊರಟ. 1831ರಲ್ಲಿ ಅಚ್ಚಾದ ಅಣ್ಣನ ಪ್ರವಾಸಗ್ರಂಥದಲ್ಲಿ ತಮ್ಮನ ಚಿತ್ರಗಳಿವೆ. ಹಡಗಿನಲ್ಲಿ ಕ್ಯಾಮೆರಾ ಇಲ್ಲದ ಕಾಲ. ಕಂಡ ದಡವನ್ನು ಕಂಡಹಾಗೆ ಬರೆಯುವುದು ಶೋಕಿಯಲ್ಲ, ನೌಕರಿಯ ಭಾಗ.

1835ರಿಂದ ರಿಚರ್ಡ್‌ಗೆ ಐರ್ಲೆಂಡಿನ ಜಲಮೋಜಣಿಯ ಕೆಲಸ. ಜೇಮ್ಸ್ ವುಲ್ಫ್ ಎಂಬ ಮೇಲಧಿಕಾರಿಯ ಜೊತೆ ಶ್ಯಾನನ್ ನದಿಯ ದೊಡ್ಡ ಸರೋವರಗಳಾದ ಲಾಕ್ ರೀ (1837), ಲಾಕ್ ಡರ್ಗ್ (1839) ಎರಡನ್ನೂ ಅಳೆದ. ಅಳೆಯುವುದು ಹೇಗೆ? ಹಗ್ಗದ ತುದಿಗೆ ಸೀಸದ ಗುಂಡು. ಅದರ ತಳಕ್ಕೆ ಮೆತ್ತಿದ ಕೊಬ್ಬು. ಗುಂಡು ತಳ ಮುಟ್ಟಿದಾಗ ಹಗ್ಗ ಆಳ ಹೇಳುತ್ತದೆ, ಕೊಬ್ಬಿಗೆ ಅಂಟಿದ್ದು ಮರಳೋ ಕೆಸರೋ ಹೇಳುತ್ತದೆ. ದಡದ ಗುರುತುಗಳ ನಡುವಿನ ಕೋನ ಅಳೆದರೆ ದೋಣಿ ನಿಂತ ಜಾಗ ಸಿಕ್ಕಿತು. ಆಳದ ಲೆಕ್ಕ 'ಫ್ಯಾದಮ್'ನಲ್ಲಿ, ಅಂದರೆ ಆರು ಅಡಿ. ಎರಡು ತೋಳು ಚಾಚಿದಷ್ಟು ಉದ್ದ, ನಮ್ಮ 'ಮಾರು' ಇದ್ದಹಾಗೆಯೆ! ಹೀಗೆ ಮಾರುಮಾರಾಗಿ ಅಳೆದ ನಕಾಶೆಗಳನ್ನು ಇಪ್ಪತ್ತನೆಯ ಶತಮಾನದಲ್ಲೂ ದೋಣಿಯವರು ನಂಬಿ ನಡೆದರು.

ನಕಾಶೆಯಲ್ಲಿ ಬಂಡೆ ಒಂದು ಸಣ್ಣ ಗುರುತು. ಅಲೆ ಇಲ್ಲ, ಗಾಳಿ ಇಲ್ಲ, ಭಯವೂ ಇಲ್ಲ. ಇವೆಲ್ಲ ಬೀಚಿಯ ತೈಲಚಿತ್ರಗಳಲ್ಲಿ ಬಂದು ಸೇರುತ್ತವೆ: ಕಪ್ಪು ಬಂಡೆ, ಅದಕ್ಕೆ ಬಡಿಯುವ ತೆರೆ, ವಾಲಿದ ಹಾಯಿ. ಬಂಡೆಯ ಬುಡ ಗೊತ್ತಿದ್ದವನಿಗೆ ತೆರೆ ಯಾಕೆ ಅಲ್ಲೇ ಒಡೆಯುತ್ತದೆ ಅಂತ ಗೊತ್ತಿತ್ತು. 1868ರಲ್ಲಿ ಡಬ್ಲಿನ್ನಿನ ರಾಯಲ್ ಹೈಬರ್ನಿಯನ್ ಅಕಾಡೆಮಿ ಆತನಿಗೆ ಗೌರವ ಸದಸ್ಯತ್ವ ನೀಡಿತು.

ಆದರೆ ಒಂದು ಮಾತು ಕೇಳಲೇಬೇಕು. ಆತ ಆಳುವವರ ಅಧಿಕಾರಿ. ಸರೋವರಗಳ ಮೋಜಣಿ ಮುಗಿದ ಕೆಲವೇ ವರ್ಷಗಳಲ್ಲಿ, 1845ರಿಂದ, ಆಲೂಗಡ್ಡೆ ಬೆಳೆಗೆ ರೋಗ ಬಡಿದು ಐರ್ಲೆಂಡಿಗೆ ಘೋರ ಕ್ಷಾಮ ಬಂತು. ಸುಮಾರು 10 ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು. ನೀರಿನ ಆಳ ಹೇಳುವ ನಕಾಶೆ ದಡದ ಹಸಿವನ್ನು ಹೇಳಲಾರದು. ಅಳತೆ ಎಷ್ಟೇ ಸರಿಯಿದ್ದರೂ ಅದು ಕೇಳಿದ ಪ್ರಶ್ನೆಗಷ್ಟೇ ಉತ್ತರ. ಹಾಗಂತ ಅಳತೆ ಸುಳ್ಳಾಗುವುದಿಲ್ಲ: ಸರಕಾರದ ಹಡಗನ್ನು ಉಳಿಸಿದ ಗುರುತೇ ಬಡ ಬೆಸ್ತನ ದೋಣಿಯನ್ನೂ ಉಳಿಸಬಲ್ಲದು.

ಬರೆಯುವ ಹವ್ಯಾಸದ ನಮಗೆ ಇದರಲ್ಲಿ ಎರಡು ಪಾಠ ಇವೆ ಅಂತ ನನಗೆ ತೋರುತ್ತದೆ. ಕಡಲಿನ ಮೇಲೆ ಕವನ ಕಟ್ಟುವ ಮೊದಲು ಒಮ್ಮೆ ಗುಂಡು ಇಳಿಬಿಟ್ಟು ಆಳ ನೋಡಬೇಕು. ನೋಡಿದ ಮೇಲೆ ತಲೆಯೆತ್ತಿ, ದಡದಲ್ಲಿ ಯಾರು ನಿಂತಿದ್ದಾರೆ ಅಂತಲೂ ನೋಡಬೇಕು.